ಚಳಿಗಾಲದಲ್ಲಿ ಸರಿಯಿದ್ದ ಹಾರ್ನೆಸ್‌ನಿಂದ ಫೆರೆಟ್ ಈಗ ನುಣುಚಿಕೊಳ್ಳುತ್ತಿದೆ

ಪ್ರಶ್ನೆ:
ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ನಮ್ಮ ಗಂಡು ಫೆರೆಟ್‌ಗೆ (ಮುಂಗುಸಿಯಂತೆ ಕಾಣುವ ಉದ್ದ ಮೈಯ ಪುಟ್ಟ ಸಾಕುಪ್ರಾಣಿ) ಡಿಸೆಂಬರ್‌ನಲ್ಲಿ ಎಚ್ ಆಕಾರದ ಹಾರ್ನೆಸ್, ಅಂದರೆ ಕತ್ತಿಗೂ ಎದೆಗೂ ಸುತ್ತುವ ಪಟ್ಟಿ, ತಂದೆವು. ಮನೆಯೊಳಗೆ ಹಾಕಿಕೊಂಡು ಆರಾಮಾಗಿ ಓಡಾಡುತ್ತಿತ್ತು. ಈಗ ಮೇ ತಿಂಗಳು. ಹೊರಗೆ ಒಂದು ನಾಯಿ ಬೊಗಳಿದರೂ ಸಾಕು, ಹಿಂದಕ್ಕೆ ಸರಿದು ತಲೆ ಬಿಡಿಸಿಕೊಳ್ಳುತ್ತದೆ. ಲೀಶ್ ಎಳೆದು ಹಿಡಿದರೆ ಇನ್ನೂ ಬೇಗ ಕಳಚುತ್ತದೆ. ಪಟ್ಟಿಯ ಅಳತೆ ಬದಲಿಸಿಲ್ಲ. ಕಾಲರ್ ಹಾಕಲೇ?

ಉತ್ತರ:
ಕಾಲರ್ ಬೇಡವೇ ಬೇಡ. ಫೆರೆಟ್‌ನ ಕತ್ತು, ತಲೆ ಹೆಚ್ಚುಕಮ್ಮಿ ಒಂದೇ ದಪ್ಪ. ಕಾಲರ್ ಕಳಚದೆ ನಿಲ್ಲುವಷ್ಟು ಬಿಗಿ ಮಾಡಿದರೆ ಉಸಿರಿಗೇ ತೊಂದರೆ.

ಅಳತೆ ಬದಲಿಸಿಲ್ಲ ಅಂದಿರಲ್ಲ, ಕಾರಣ ಅದೇ ಇರಬೇಕು. ಫೆರೆಟ್‌ಗಳು, ಅದರಲ್ಲೂ ಗಂಡು, ಚಳಿಗಾಲಕ್ಕೆ ಮೈ ತುಂಬಿಕೊಳ್ಳುತ್ತವೆ. ಬೇಸಿಗೆ ಹೊತ್ತಿಗೆ ತೂಕ ಇಳಿಯುತ್ತದೆ, ದಟ್ಟ ಕೂದಲೂ ಉದುರುತ್ತದೆ. ಡಿಸೆಂಬರ್‌ನ ಅಳತೆ ಮೇನಲ್ಲಿ ಸಡಿಲವೇ. ಕತ್ತಿನ ಪಟ್ಟಿ, ಮುಂಗಾಲಿನ ಹಿಂದಿನ ಪಟ್ಟಿ ಎರಡನ್ನೂ ಬಿಗಿ ಮಾಡಿ. ಕಿರುಬೆರಳು ಮಾತ್ರ ತೂರುವಂತಿರಲಿ. ಆಮೇಲೆ ಮನೆಯೊಳಗೇ ಮೀನೆಣ್ಣೆ ತೋರಿಸಿ ಹಿಂದಕ್ಕೆ ನಡೆಸಿ ನೋಡಿ. ಅಲ್ಲಿ ಕಳಚಿದರೆ ಹೊರಗೂ ಕಳಚುತ್ತದೆ.

ಇನ್ನೊಂದು, ಅದು ಹಿಂದೆ ಸರಿಯುವಾಗ ಲೀಶ್ ಎಳೆಯಬೇಡಿ. ನೀವು ಮುಂದಿನಿಂದ ಎಳೆದಾಗ ಪಟ್ಟಿ ಕಿವಿ ದಾಟಿ ಬಂದುಬಿಡುತ್ತದೆ. ಲೀಶ್ ಸಡಿಲ ಬಿಟ್ಟು ಬೇಗ ಅದರ ಪಕ್ಕಕ್ಕೆ ಹೋಗಿ, ಎದೆಯ ಕೆಳಗೆ ಕೈ ಕೊಟ್ಟು ಎತ್ತಿಕೊಳ್ಳಿ. ನಾಯಿಯ ಹಾಗೆ ಜೊತೆಯಲ್ಲಿ ನಡೆಯುತ್ತದೆ ಅಂತಲೂ ಕಾಯಬೇಡಿ. ಅದು ಮೂಸುತ್ತಾ ಹೋದತ್ತ ನೀವು ಹೋಗಬೇಕು. ಪಾಪ, ಅದಕ್ಕೆ ಸಂತೋಷ ಇರುವುದೇ ಅದರಲ್ಲಿ.

ಪ್ರಶ್ನೆ ಕೇಳಿದವರು:
ನಿಜ, ಕತ್ತಿನ ಬಳಿ ಎರಡು ಬೆರಳು ಸಲೀಸಾಗಿ ಹೋಗುತ್ತಿತ್ತು! ಬಿಗಿ ಮಾಡಿದ ಮೇಲೆ ಹಾಲ್‌ನಲ್ಲಿ ಎಷ್ಟು ಹಿಂದೆ ಸರಿದರೂ ಕಳಚಲಿಲ್ಲ. ಆದರೆ ಈಗ ನೆಲದ ಮೇಲೆ ಉರುಳಾಡಿ ಪಟ್ಟಿ ಕಚ್ಚುತ್ತಿದೆ.

ಉತ್ತರ:
ಉರುಳಾಡುವುದು ಸಹಜ, ಆಟ ಆಡಿಸಿ ಗಮನ ಬೇರೆಡೆ ಸೆಳೆಯಿರಿ. ಕಚ್ಚಲು ಮಾತ್ರ ಬಿಡಬೇಡಿ. ರಬ್ಬರ್ ಅಥವಾ ಬಟ್ಟೆಯ ಚೂರು ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ, ಆಪರೇಷನ್ನೇ ಬೇಕಾಗಬಹುದು. ನೀವು ಎದುರಿಗಿಲ್ಲದಾಗ ಹಾರ್ನೆಸ್ ತೆಗೆದಿಡಿ.

ಇನ್ನೊಬ್ಬರು:
ಡಿಸ್ಟೆಂಪರ್ (ನಾಯಿಗಳಿಗೂ ಬರುವ ವೈರಸ್ ರೋಗ) ಲಸಿಕೆ ಆಗಿದೆಯಾ? ಹೊರಗೆ ನಾಯಿ ಬೊಗಳುತ್ತದೆ ಅಂದಿದ್ದಕ್ಕೆ ಕೇಳಿದೆ. ಫೆರೆಟ್‌ಗೆ ಆ ರೋಗ ಬಂದರೆ ಉಳಿಯುವುದು ತೀರಾ ಅಪರೂಪ. ಆಗಿಲ್ಲದಿದ್ದರೆ ಮೊದಲು ವೆಟ್ ಹತ್ತಿರ ಹೋಗಿ, ಪಾರ್ಕ್ ಆಮೇಲೆ. ಬಿಸಿಲೂ ನೋಡಿಕೊಳ್ಳಿ. 27 ಡಿಗ್ರಿ ದಾಟಿದ ದಿನ ಹೊರಗೆ ಬೇಡ, ಬೆವರಿ ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ.