ಮೂರು ನಾಬಿನ ಆಂಪೋ, ಎಲ್ಲ ಇರುವ ಆಂಪೋ?

ಪ್ರಶ್ನೆ: ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ಅಭ್ಯಾಸ, ರಾತ್ರಿ ಹೆಡ್‌ಫೋನ್, ಅಪರೂಪಕ್ಕೆ ಡ್ರಮ್ಸ್ ಜೊತೆ. ಮೂರೇ ನಾಬಿನ 15 ವ್ಯಾಟ್ ಟ್ಯೂಬ್ ಆಂಪ್ (ವಾಲ್ವ್‌ಗಳಿಂದ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ತಗೊಳ್ಳೋದಾ, ಎಫೆಕ್ಟ್‌ಗಳೆಲ್ಲ ಒಳಗೇ ಇರುವ, ಬೇರೆ ಆಂಪ್‌ಗಳ ದನಿಯನ್ನು ಡಿಜಿಟಲ್ ಆಗಿ ಅನುಕರಿಸುವ ಮಾಡೆಲಿಂಗ್ ಆಂಪಾ?

ಉತ್ತರ 1: ರಾತ್ರಿ ಹೆಡ್‌ಫೋನ್ ಅಂದಮೇಲೆ ಮಾಡೆಲಿಂಗೇ ಸರಿ. 15 ವ್ಯಾಟ್ ಅಂದ್ರೆ ಮೆತ್ತಗಿರುತ್ತೆ ಅಂದ್ಕೋಬೇಡಿ, 15ರಿಂದ 1.5ಕ್ಕೆ ಇಳಿದರೂ ಕಿವಿಗೆ ಸದ್ದು ಸುಮಾರು ಅರ್ಧ ಆಗೋದಷ್ಟೇ. ಮಾಸ್ಟರ್ ವಾಲ್ಯೂಮ್ (ಒಟ್ಟು ಸದ್ದನ್ನು ಬೇರೆಯಾಗಿ ಇಳಿಸುವ ನಾಬ್) ಇಲ್ಲದ ಟ್ಯೂಬ್ ಆಂಪಿನ ದನಿ ಒಡೆಯೋದು (ಅಂದ್ರೆ ಗಿಟಾರಿಗೆ ಬೇಕಾದ ಡಿಸ್ಟಾರ್ಷನ್ ಬರೋದು) ವಾಲ್ಯೂಮ್ ಏರಿಸಿದಾಗಲೇ, ಅಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲಲ್ಲಿ! ಸದ್ದು ಬೇಡ ಅಂತ ಸ್ಪೀಕರ್ ವೈರ್ ಕಿತ್ತು ಮಾತ್ರ ನುಡಿಸಬೇಡಿ. ಸ್ಪೀಕರಿನಂಥ ಲೋಡ್ ಇಲ್ಲದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಉತ್ತರ 2: ಮಾಡೆಲಿಂಗ್‌ಗೂ ಒಂದು ಕಾಟ ಇದೆ. ಮೆಲ್ಲಗೆ ಕೇಳಿ ಕೂರಿಸಿದ ಪ್ರಿಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಜೋರು ಮಾಡಿದರೆ ಗುಂಯ್‌ಗುಡುತ್ತೆ. ಕಡಿಮೆ ಸದ್ದಿನಲ್ಲಿ ಕಿವಿಗೆ ಬೇಸ್ ಸರಿಯಾಗಿ ಕೇಳಲ್ಲ, ಹಾಗಾಗಿ ಜಾಸ್ತಿ ತಿರುಗಿಸಿರ್ತೀವಿ. ಡ್ರಮ್ಸ್ ಜೊತೆ ಕೂರುವ ಮುಂಚೆ ಬೇಸ್, ಗೇನ್ (ದನಿ ಒಡೆಸುವ ನಾಬ್), ರಿವರ್ಬ್ (ಕೋಣೆಯಂಥ ಗುಂಗು) ಇಳಿಸಿ ಮಿಡ್ (ನಡುವಿನ ದನಿ) ಏರಿಸಿ, ಅದನ್ನೇ ಬೇರೆ ಪ್ರಿಸೆಟ್ ಆಗಿ ಸೇವ್ ಮಾಡಿ.

ಉತ್ತರ 3: ಟ್ಯೂಬೇ ಬೇಕಂದ್ರೆ ಎಫೆಕ್ಟ್ಸ್ ಲೂಪ್ (ಆಂಪಿನ ಮೊದಲ ಹಂತವಾದ ಪ್ರೀಆಂಪ್ ಆದಮೇಲೆ ಎಫೆಕ್ಟ್ ಸೇರಿಸುವ ಜಾಗ) ಇದೆಯಾ ನೋಡಿ. ಪ್ರೀಆಂಪ್ ಡಿಸ್ಟಾರ್ಷನ್‌ಗೂ ಮೊದಲೇ ಡಿಲೇ (ಪ್ರತಿಧ್ವನಿ ಎಫೆಕ್ಟ್) ಸೇರಿಸಿದರೆ ಪ್ರತಿಧ್ವನಿಯೂ ಒಡೆದು ಕಲಸುಮೇಲೋಗರ. ಕ್ಲೀನ್ ಆಗಿ ನುಡಿಸೋದಾದ್ರೆ ಲೂಪ್ ಇಲ್ಲದಿದ್ದರೂ ನಡೆಯುತ್ತೆ.