“ಎಲ್ಲ ಕಡೆ ಓಡಿಸಿದ್ದಾರೆ ಅಂದ್ರೆ ಏನೋ ಇರಬೇಕಲ್ಲ”

(ಡಿಗ್ರಿ ಬ್ಯಾಚಿನ ಹಳೆಯ ವಿದ್ಯಾರ್ಥಿಗಳ ಗುಂಪು, ಮಂಗಳೂರು)

ಸತೀಶ (ಫಾರ್ವರ್ಡ್): ಒಂದಾದ ಮೇಲೊಂದು ದೇಶ ಯಹೂದಿಗಳನ್ನು ಓಡಿಸಿದೆ. ಇಂಗ್ಲೆಂಡ್ 1290. ಸ್ಪೇನ್ 1492. ಇಷ್ಟು ಜನ ತಪ್ಪಾಗಿರಲು ಸಾಧ್ಯವೇ? ಯೋಚಿಸಿ. ಶೇರ್ ಮಾಡಿ 🙏

ಸತೀಶ: ಓದಿ ನೋಡಿ. ಎಲ್ಲ ಕಡೆ ಓಡಿಸಿದ್ದಾರೆ ಅಂದ್ರೆ ಏನೋ ಇರಬೇಕಲ್ಲ.

ಗಣಪತಿ: ಎಂತ ಇರಬೇಕು ಮಾರಾಯ? ಇಸವಿ ಎರಡೂ ಸರಿ ಇವೆ, ತೀರ್ಮಾನ ಮಾತ್ರ ತಲೆಕೆಳಗಾಗಿದೆ. ಓಡಿಸಿದ ಎರಡೂ ಕಡೆಯ ರಾಜರು ಒಂದೇ ಧರ್ಮದವರು, ಒಂದೇ ಗ್ರಂಥ ಓದಿದವರು, ಒಂದೇ ಬಗೆಯ ಪ್ರವಚನ ಕೇಳಿ ಬೆಳೆದವರು. ಹತ್ತು ಸಾಕ್ಷಿ ಇದ್ದಾರೆ ಅಂತ ಲೆಕ್ಕ ಹಾಕಬೇಡ. ಒಬ್ಬನೇ ಸಾಕ್ಷಿ ಹತ್ತು ಸಲ ಹೇಳಿದ್ದಾನೆ, ಅಷ್ಟೆ.

ಸತೀಶ: ಹಾಗಾದ್ರೆ ಕ್ರಿಶ್ಚಿಯನ್ನರೇ ಶುರು ಮಾಡಿದ್ದು ಅನ್ನು. ಲವೀನಾ ಎಲ್ಲಿದ್ದಾಳೆ 😀

ಇಕ್ಬಾಲ್: ಸತೀಶ, ಬೆಳಿಗ್ಗೆ ಬೆಳಿಗ್ಗೆ ಬೇಡ ಮಾರಾಯ.

ಲವೀನಾ: ಇಲ್ಲೇ ಇದ್ದೇನೆ. ಮೀನು ಕ್ಲೀನ್ ಮಾಡುತ್ತಿದ್ದೆ, ಕೈ ತೊಳೆದು ಬಂದೆ.

ಲವೀನಾ: ನಮ್ಮ ಇಗರ್ಜಿಯಲ್ಲಿ ಗುಡ್ ಫ್ರೈಡೇ ದಿನ ಯೋಹಾನನ ಸುವಾರ್ತೆಯಿಂದ ಯೇಸುವಿನ ಯಾತನೆಯ ಕಥೆ ಓದುತ್ತಾರೆ. ಪಾತ್ರ ಹಂಚಿಕೊಂಡು ಓದುವುದು. ಯೇಸುವಿನ ಮಾತು ಫಾದರ್ ಹೇಳುತ್ತಾರೆ, ಕಥೆ ಹೇಳಲು ಒಬ್ಬರು, ರೋಮನ್ ಅಧಿಕಾರಿ ಪಿಲಾತನ ಮಾತಿಗೆ ಇನ್ನೊಬ್ಬರು. ಗುಂಪಿನ ಮಾತು ಬಂದಾಗ ನಾವೆಲ್ಲ ಸೇರಿ “ಶಿಲುಬೆಗೆ ಹಾಕಿಸು” ಅಂತ ಹೇಳಬೇಕು. ಅಷ್ಟು ಹೊತ್ತೂ ನಿಂತೇ ಇರಬೇಕು, ಕಾಲು ನೋಯುತ್ತದೆ. ಚಿಕ್ಕವಳಿದ್ದಾಗ ಅದು ನನ್ನದೇ ಪಾಪ ಅಂತ ಹೆದರುತ್ತಿದ್ದೆ. ಯಹೂದಿಗಳ ನೆನಪೇ ಬರುತ್ತಿರಲಿಲ್ಲ, ನಾನು ಒಬ್ಬ ಯಹೂದಿಯನ್ನೂ ನೋಡಿರಲಿಲ್ಲ. ಆದರೆ ಇದೇ ಕಥೆ ಕೇಳಿ ಬೆಳೆದ ಜರ್ಮನಿಯ ಮನುಷ್ಯನಿಗೆ ಎದುರು ಬೀದಿಯಲ್ಲೇ ಯಹೂದಿ ಮನೆ ಇತ್ತು. 1096ರಲ್ಲಿ ಜೆರುಸಲೇಮಿಗೆ ಯುದ್ಧಕ್ಕೆ ಅಂತ ಹೊರಟ ಗುಂಪುಗಳು ದಾರಿಯಲ್ಲೇ ಕೊಂದದ್ದು ಜರ್ಮನಿಯ ವರ್ಮ್ಸ್ ಮತ್ತು ಮೈನ್ಸ್ ಊರುಗಳ ಯಹೂದಿಗಳನ್ನು. ನಮ್ಮವರು ಮಾಡಿಲ್ಲ ಅಂತ ನಾನು ಹೇಳುವುದಿಲ್ಲ ಸತೀಶ. ಅದಕ್ಕೆ ಕೊಲೆಯಾದವರಲ್ಲೇ ಏನೋ ತಪ್ಪಿತ್ತು ಅಂತ ನೀನು ಹೇಳುತ್ತಿದ್ದೀಯಲ್ಲ, ನನ್ನ ಜಗಳ ಅದರ ಮೇಲೆ.

ಸತೀಶ: ಮತ್ತೆ ಬೈಬಲ್ಲಿನಲ್ಲೇ ಇದೆಯಂತಲ್ಲ, ರಕ್ತ ನಮ್ಮ ಮೇಲಿರಲಿ ಅಂತ ಯಹೂದಿಗಳೇ ಹೇಳಿದರು ಅಂತ?

ಗಣಪತಿ: ಇದೆ. ಮತ್ತಾಯ 27:25. ಉಳಿದ ಮೂರು ಸುವಾರ್ತೆಗಳಲ್ಲಿ ಆ ಸಾಲು ಇಲ್ಲ. ಯೇಸು ಯಹೂದಿ, ತಾಯಿ ಯಹೂದಿ, ಶಿಷ್ಯರೂ ಯಹೂದಿಗಳು. ಕೊಲ್ಲಿಸಿದ್ದು ರೋಮನ್ ಅಧಿಕಾರಿ, ಶಿಲುಬೆ ರೋಮನ್ನರ ಶಿಕ್ಷೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಸುಟ್ಟುಹಾಕಿದರು. ದೇವಾಲಯವೇ ಹೋದ ಮೇಲೆ ಇನ್ನು ನಿಜವಾದ ಇಸ್ರೇಲ್, ಅಂದರೆ ದೇವರು ಆರಿಸಿದ ಜನ, ಯಾರು ಅಂತ ಯೇಸುವನ್ನು ನಂಬಿದ ಯಹೂದಿಗಳಿಗೂ ನಂಬದ ಯಹೂದಿಗಳಿಗೂ ಜಗಳ ಹತ್ತಿತು. ಮತ್ತಾಯನ ಸುವಾರ್ತೆ ಈ ಹೊತ್ತಿನದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ರೋಮಿನ ಆಳ್ವಿಕೆಯಲ್ಲಿ ಬದುಕುವವರು ರೋಮನ್ನರ ಮೇಲೆ ತಪ್ಪು ಹೊರಿಸಲು ಧೈರ್ಯ ಬೇಕಿತ್ತು, ಎದುರು ಪಕ್ಷದವರ ಮೇಲೆ ಹಾಕುವುದು ಸುಲಭ. ಒಳಗಿನವರು ಒಳಗಿನವರನ್ನು ಬೈದ ಮಾತು ಅದು. ಸಮಸ್ಯೆ ಆದದ್ದು ಹೊರಗಿನವರು ಅದನ್ನು ಓದಲು ಶುರು ಮಾಡಿದಾಗ, ಆಮೇಲೆ ಅವರ ಕೈಗೇ ರಾಜ್ಯ ಸಿಕ್ಕಾಗ.

ಸತೀಶ: ಕ್ರಿಸ್ತನಿಗಿಂತ ಮುಂಚೆಯೂ ದ್ವೇಷ ಇತ್ತು ಅಂತ ಯೂಟ್ಯೂಬಿನಲ್ಲಿ ಕೇಳಿದ್ದೇನೆ. ಅದಕ್ಕೆ ಏನು ಹೇಳುತ್ತೀ?

ಗಣಪತಿ: ಇತ್ತು, ಯಾರು ಇಲ್ಲ ಅಂದರು? ಕ್ರಿ.ಪೂ. 410, ನೈಲ್ ನದಿಯ ಎಲಿಫಂಟೈನ್ ದ್ವೀಪ. ಪರ್ಷಿಯನ್ನರ ಸೇನೆಯಲ್ಲಿದ್ದ ಯಹೂದಿಗಳು ಅಲ್ಲಿ ಗುಡಿ ಕಟ್ಟಿಕೊಂಡಿದ್ದರು. ಪಕ್ಕದಲ್ಲೇ ಟಗರು ತಲೆಯ ಖ್ನೂಮ್ ದೇವರ ಗುಡಿ. ಅದರ ಪೂಜಾರಿಗಳು ಅಲ್ಲಿನ ಅಧಿಕಾರಿಯನ್ನು ತಮ್ಮ ಕಡೆ ಮಾಡಿಕೊಂಡು ಯಹೂದಿಗಳ ಗುಡಿಯನ್ನು ನೆಲಸಮ ಮಾಡಿಸಿದರು. ಯಹೂದಿಗಳು ಬರೆದ ದೂರು ಪಪೈರಸ್ ಮೇಲೆ ಇಂದಿಗೂ ಇದೆ. ಐದು ಕಲ್ಲಿನ ಹೆಬ್ಬಾಗಿಲು, ದೇವದಾರಿನ ಮಾಡು, ಚಿನ್ನ ಬೆಳ್ಳಿಯ ಬೋಗುಣಿ, ಏನೇನು ಹೋಯಿತು ಅಂತ ಎಲ್ಲ ಬರೆದಿದ್ದಾರೆ. ಇವರು ಪಾಸ್ಕ ಹಬ್ಬಕ್ಕೆ ಕುರಿಮರಿ ಬಲಿ ಕೊಡುವುದು ಟಗರು ದೇವರ ಪೂಜಾರಿಗಳಿಗೆ ಸಹಿಸಲಿಲ್ಲವೇನೋ ಅಂತ ಊಹೆ. ಮುಂದೆ ಈಜಿಪ್ಟಿನ ಪೂಜಾರಿ ಮನೆಥೋ ಹೆಸರಿನಲ್ಲಿ ಒಂದು ಕಥೆ ಓಡಾಡಿತು, ಯಹೂದಿಗಳ ಹಿರಿಯರು ಊರು ಬಿಡಿಸಿದ ಕುಷ್ಠರೋಗಿಗಳು ಅಂತ. ರೋಮನ್ ಲೇಖಕರು ವಾರಕ್ಕೊಂದು ದಿನ ಕೆಲಸ ಮಾಡದವರು ಸೋಮಾರಿಗಳು ಅಂತ ನಗಾಡಿದರು. ಇವೆಲ್ಲ ನೆರೆಹೊರೆಯ ಹೊಟ್ಟೆಕಿಚ್ಚು, ಕುಹಕ, ಕೆಲವು ಸಲ ಗಲಭೆ. ಆದರೆ ಹುಟ್ಟುವ ಪ್ರತಿ ಮಗುವೂ ದೇವರನ್ನು ಕೊಂದ ಪಾಪ ಹೊತ್ತು ಹುಟ್ಟುತ್ತದೆ ಅನ್ನುವುದು ಅವರ ತಲೆಗೆ ಹೊಳೆದಿರಲಿಲ್ಲ. ಯಹೂದಿಗಳು ದೇವರನ್ನೇ ಕೊಂದರು ಅನ್ನುವ ಆರೋಪ 2ನೇ ಶತಮಾನದಲ್ಲಿ ಸಾರ್ದಿಸ್‌ನ ಬಿಷಪ್ ಮೆಲಿಟೋನ ಈಸ್ಟರ್ ಪ್ರವಚನದಲ್ಲಿ ಸ್ಪಷ್ಟವಾಗಿ ಬರುತ್ತದೆ.

ವಿದ್ಯಾ (ಅಡ್ಮಿನ್): ಗಣಪತಿ ಸ್ವಲ್ಪ ಚಿಕ್ಕದಾಗಿ ಬರಿ. ಬಸ್ಸಿನಲ್ಲಿ ಓದುತ್ತಿದ್ದೇನೆ.

ಗಣಪತಿ: ಚಿಕ್ಕದಾಗಿ ಬಂದದ್ದನ್ನು ಸತೀಶ ಹಾಕಿದ್ದಾನಲ್ಲ, ಸಾಕು 😄 ಇದೊಂದು ಕೇಳಿ. 386ರಲ್ಲಿ ಅಂತಿಯೋಕ್ಯ ಅನ್ನುವ ಊರಲ್ಲಿ ಜಾನ್ ಕ್ರಿಸೊಸ್ಟಮ್ ಅನ್ನುವ ಪಾದ್ರಿ ಯಹೂದಿಗಳ ವಿರುದ್ಧ ಪ್ರವಚನ ಶುರು ಮಾಡಿದ, ಒಟ್ಟು ಎಂಟು. ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗನ್ನು ಸೂಳೆಮನೆ ಅನ್ನುವಷ್ಟು ಕೊಳಕು ಮಾತು. ಅವನ ಎದುರು ಕೂತವರು ಯಾರು? ಕ್ರೈಸ್ತರು. ಅವನಿಗೆ ಸಿಟ್ಟು ಯಾಕೆ? ಇವರೆಲ್ಲ ಯಹೂದಿಗಳ ಹಬ್ಬಕ್ಕೆ ಹೋಗುತ್ತಿದ್ದರು, ಕೊಂಬು ಊದುವುದನ್ನು ಕೇಳಲು ಹೋಗುತ್ತಿದ್ದರು, ಕಾಯಿಲೆ ಆದರೆ ಅವರ ಹತ್ತಿರ ಓಡುತ್ತಿದ್ದರು. ಒಬ್ಬ ಕ್ರೈಸ್ತನಂತೂ ಒಂದು ಹೆಂಗಸನ್ನು ಸಿನಗಾಗಿಗೆ ಎಳೆದುಕೊಂಡು ಹೋಗುತ್ತಿದ್ದನಂತೆ, ಅಲ್ಲಿ ಹಾಕಿದ ಆಣೆಗೆ ಭಯ ಜಾಸ್ತಿ ಅಂತ.

ಲವೀನಾ: ಅಯ್ಯೋ, ನಮ್ಮ ಕಡೆಯವರು ಆಣೆ ಹಾಕಲು ಕಾನತ್ತೂರಿನ ದೈವಸ್ಥಾನಕ್ಕೆ ಹೋದ ಹಾಗೆ!

ಗಣಪತಿ: ಅದೇ ಮತ್ತೆ. ಜನ ಚೆನ್ನಾಗಿಯೇ ಇದ್ದರು. ಜನ ಚೆನ್ನಾಗಿದ್ದದ್ದೇ ಪ್ರವಚನ ಮಾಡುವವನಿಗೆ ತಲೆನೋವು. ನಿನ್ನ ಫಾರ್ವರ್ಡ್ ಹೇಳುವುದಕ್ಕೆ ಪೂರ್ತಿ ಉಲ್ಟಾ ಸತೀಶ. ಎರಡು ವರ್ಷ ಬಿಟ್ಟು 388ರಲ್ಲಿ ಕಲ್ಲಿನಿಕಮ್ ಅನ್ನುವ ಊರಲ್ಲಿ ಕ್ರೈಸ್ತರ ಗುಂಪು ಸಿನಗಾಗ್ ಸುಟ್ಟಿತು. ಬಿಷಪ್ಪನೇ ಖರ್ಚು ಹಾಕಿ ಕಟ್ಟಿಸಿಕೊಡಲಿ ಅಂತ ಚಕ್ರವರ್ತಿ ಥಿಯೊಡೋಸಿಯಸ್ ಆಜ್ಞೆ ಮಾಡಿದ. ಮಿಲಾನಿನ ಬಿಷಪ್ ಆಂಬ್ರೋಸ್ ಅಡ್ಡ ನಿಂತ. ಚಕ್ರವರ್ತಿ ಆಜ್ಞೆ ವಾಪಸ್ ತೆಗೆದುಕೊಂಡ.

ಸತೀಶ: ಬಡ್ಡಿ ವಿಷಯ ಯಾರೂ ಮಾತಾಡುವುದಿಲ್ಲ. ಇಂಗ್ಲೆಂಡಿನಲ್ಲಿ ಬಡ್ಡಿ ವ್ಯಾಪಾರ ಮಾಡುತ್ತಿರಲಿಲ್ವಾ?

ಗಣಪತಿ: ಮಾಡುತ್ತಿದ್ದರು. ಬಡ್ಡಿ ಪಾಪ ಅಂತ ಚರ್ಚು ಕ್ರೈಸ್ತರಿಗೆ ನಿಷೇಧ ಹಾಕಿತ್ತು, ಯಹೂದಿಗಳಿಗೆ ಬೇರೆ ಕಸುಬಿನ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತ್ತು. ಅವರು ದುಡಿದದ್ದನ್ನು ರಾಜ ತೆರಿಗೆ ಹಾಕಿ ಹಿಂಡುತ್ತಿದ್ದ. 1275ರಲ್ಲಿ ಎಡ್ವರ್ಡ್ ಅವರ ಬಡ್ಡಿಯನ್ನೂ ನಿಲ್ಲಿಸಿದ. 1290ರಲ್ಲಿ ಓಡಿಸಿದ, ಅದೇ ವರ್ಷ ಪಾರ್ಲಿಮೆಂಟು ಅವನಿಗೆ ದೊಡ್ಡ ತೆರಿಗೆ ಮಂಜೂರು ಮಾಡಿತು. ನೀನೇ ಲೆಕ್ಕ ಹಾಕು.

ಸತೀಶ: ಸರಿ. ಇಕ್ಬಾಲ್ ಸುಮ್ನೆ ಇದ್ದಾನೆ. ಅವರ ಕಡೆ ಏನೂ ಇಲ್ವಾ?

ಇಕ್ಬಾಲ್: ಗೊತ್ತಿತ್ತು ನನ್ನ ಹತ್ತಿರ ಬರುತ್ತೀ ಅಂತ. ಇದೆ ಮಾರಾಯ. 627ರಲ್ಲಿ ಮದೀನದಲ್ಲಿ ಬನೂ ಖುರೈಝಾ ಅನ್ನುವ ಯಹೂದಿ ಬುಡಕಟ್ಟಿನ ಗಂಡಸರನ್ನು ಕೊಂದದ್ದು ನಮ್ಮದೇ ಹಳೆಯ ಚರಿತ್ರೆಗಳಲ್ಲಿ ಬರೆದಿದೆ. ಆ ಕಾಲದ ಜಗಳದ ಬಿಸಿ ಕುರಾನಿನ ಕೆಲವು ವಾಕ್ಯಗಳಲ್ಲೂ ಇದೆ. ಅದೇ ಕುರಾನಿನಲ್ಲಿ ಅವರ ಊಟ ನಿಮಗೆ ಆಗುತ್ತದೆ, ಅವರ ಹೆಣ್ಣನ್ನು ಮದುವೆಯಾಗಬಹುದು ಅಂತಲೂ ಇದೆ. ಬೇಕಾದ ವಾಕ್ಯ ಆರಿಸಿಕೊಂಡು ಭಾಷಣ ಮಾಡುವವರು ಇಂದಿಗೂ ಇದ್ದಾರೆ, ಅವರನ್ನು ಕಂಡರೆ ನನಗೂ ಆಗುವುದಿಲ್ಲ. ಮುಸ್ಲಿಂ ರಾಜ್ಯಗಳಲ್ಲಿ ಯಹೂದಿಗಳು ಜಿಝಿಯಾ ತೆರಿಗೆ ಕೊಟ್ಟು ಕೆಳಗಿನವರಾಗಿ ಬದುಕಿದರು, ಸಮಾನರಾಗಿ ಅಲ್ಲ. ಆದರೆ ಯಹೂದಿಗಳು ಕ್ರೈಸ್ತ ಮಕ್ಕಳ ರಕ್ತ ಬಳಸುತ್ತಾರೆ ಅನ್ನುವ ಕಥೆ ಯುರೋಪಿನದು. 1840ರಲ್ಲಿ ಡಮಾಸ್ಕಸಿನಲ್ಲಿ ಒಬ್ಬ ಪಾದ್ರಿ ಕಾಣೆಯಾದಾಗ ಅದು ಅಲ್ಲಿ ದೊಡ್ಡದಾಗಿ ಎದ್ದಿತು, ಫ್ರೆಂಚ್ ಕಾನ್ಸಲ್ ಕೂಡ ಅದಕ್ಕೆ ಬೆಂಬಲ ಕೊಟ್ಟ.

ಲವೀನಾ: ಸತೀಶ, ಎಲ್ಲ ಕಡೆ ಅನ್ನುತ್ತೀಯಲ್ಲ, ಅದರಲ್ಲಿ ಕೊಚ್ಚಿ ಎಲ್ಲಿದೆ? ಅರಮನೆಯ ಪಕ್ಕದಲ್ಲೇ 1568ರ ಸಿನಗಾಗ್ ಇದೆ. ಅಲ್ಲಿನ ರಾಜ ಜಾಗ ಕೊಟ್ಟ. ಕಾಟ ಕೊಟ್ಟವರು ಪೋರ್ಚುಗೀಸರು. ಗೋವಾದಲ್ಲಿ ಗಾರ್ಸಿಯಾ ದ ಓರ್ತಾ ಅನ್ನುವ ವೈದ್ಯ ಇದ್ದ, ನಮ್ಮ ಗಿಡಮೂಲಿಕೆಗಳ ಮೇಲೆ ಪುಸ್ತಕ ಬರೆದವನು. ಅವನು ಗುಟ್ಟಾಗಿ ಯಹೂದಿಯಾಗಿದ್ದ ಅಂತ ಸತ್ತ ಮೇಲೆ 1580ರಲ್ಲಿ ಮೂಳೆ ಅಗೆದು ತೆಗೆದು ಸುಟ್ಟರು. ಅದೇ ಯಹೂದಿ, ಅದೇ ಸಮುದ್ರ ತೀರ. ದ್ವೇಷ ಹಡಗಿನಲ್ಲಿ ಬಂತು.

ವಿದ್ಯಾ (ಅಡ್ಮಿನ್): ನಾನು ಹೋಗಿ ನೋಡಿದ್ದನ್ನು ಹೇಳುತ್ತೇನೆ. ಇಲ್ಲಿ ಜರ್ಮನಿಯಲ್ಲಿ ವಿಟ್ಟೆನ್‌ಬರ್ಗ್ ಅಂತ ಊರು, ಪ್ರೊಟೆಸ್ಟಂಟ್ ಪಂಥ ಶುರು ಮಾಡಿದ ಲೂಥರ್ ಪ್ರವಚನ ಮಾಡುತ್ತಿದ್ದ ಚರ್ಚು. ಹೊರಗೋಡೆಯ ಮೇಲೆ ತಲೆ ಎತ್ತಿ ನೋಡಿದರೆ ಒಂದು ಕಲ್ಲಿನ ಹೆಣ್ಣು ಹಂದಿ. ಯಹೂದಿಗಳು ಅದರ ಮೊಲೆಗೆ ಬಾಯಿ ಹಾಕಿದ್ದಾರೆ. ಹಿಂದೆ ಒಬ್ಬ ರಬ್ಬಿ ಬಾಲ ಎತ್ತಿ ಒಳಗೆ ಇಣುಕುತ್ತಿದ್ದಾನೆ. ಏಳು ನೂರು ವರ್ಷ ಹಳೆಯದು. ಇದೇ ಲೂಥರ್ 1523ರಲ್ಲಿ ಯಹೂದಿಗಳ ಜತೆ ಮೃದುವಾಗಿರಿ ಅಂದಿದ್ದ, ಮತಾಂತರ ಆಗುತ್ತಾರೆ ಅಂತ ಆಸೆ. ಆಗಲಿಲ್ಲ. 1543ರಲ್ಲಿ ಸಿನಗಾಗ್ ಸುಡಿ ಅಂತ ಬರೆದ. ಆ ಹಂದಿಯನ್ನು ತೆಗೆಯಿರಿ ಅಂತ ಒಬ್ಬ ಯಹೂದಿ ಕೋರ್ಟಿಗೆ ಹೋದರು. ಕೆಳಗೆ ನೆಲದಲ್ಲಿ ಸ್ಮಾರಕ ಇದೆ, ವಿವರಣೆಯ ಬೋರ್ಡೂ ಇದೆ, ಹಾಗಾಗಿ ಇರಬಹುದು ಅಂತ 2022ರಲ್ಲಿ ತೀರ್ಪು ಬಂತು. ನನಗಂತೂ ಸರಿ ಅನಿಸಲಿಲ್ಲ. ಮೇಲೆ ಹಂದಿ ದೂರದಿಂದಲೇ ಕಾಣುತ್ತದೆ, ಬೋರ್ಡು ಹತ್ತಿರ ಹೋದವರಿಗೆ ಮಾತ್ರ.

ಸತೀಶ: ಚರ್ಚು ಇನ್ನೂ ಹಾಗೇ ಕಲಿಸುತ್ತದಾ?

ಲವೀನಾ: ಇಲ್ಲ. 1965ರಲ್ಲಿ ವ್ಯಾಟಿಕನ್ ಮಹಾಸಭೆ ಅಧಿಕೃತವಾಗಿ ಹೇಳಿತು, ಯೇಸುವಿನ ಸಾವನ್ನು ಅಂದಿನ ಎಲ್ಲ ಯಹೂದಿಗಳ ಮೇಲೂ ಹಾಕಬಾರದು, ಇಂದಿನವರ ಮೇಲೂ ಹಾಕಬಾರದು ಅಂತ. ಹಿಟ್ಲರನ ಕೊಲೆ ಶಿಬಿರ ಆಶ್‌ವಿಟ್ಜ್ ಆಗಿ ಇಪ್ಪತ್ತು ವರ್ಷದ ಮೇಲೆ. ಗುಡ್ ಫ್ರೈಡೇ ಓದು ಮಾತ್ರ ಈಗಲೂ ಅದೇ.

ಸತೀಶ: ನಾನು ಬರೆದದ್ದಲ್ಲಪ್ಪ ಅದು, ಬಂದದ್ದನ್ನು ಕಳಿಸಿದೆ. ವಿದ್ಯಾ, ಇಲ್ಲಿಂದ ಡಿಲೀಟ್ ಮಾಡಿಬಿಡು. ನನಗೆ ಈಗ ಬರುತ್ತಿಲ್ಲ.

ಗಣಪತಿ: ಯಾಕೆ? ಇರಲಿ. ಕೆಳಗೆ ಇಷ್ಟೆಲ್ಲ ಬರೆದಿದ್ದೇವಲ್ಲ.

ವಿದ್ಯಾ (ಅಡ್ಮಿನ್): ಯಾರು ಕೆಳಗೆ ಓದುತ್ತಾರೆ ಗಣಪತಿ? ಡಿಲೀಟ್ ಮಾಡಿದೆ.