ಹೆಗಡೆಯ ಹೋಂಸ್ಟೇಗೆ ಒಂದು ದೆವ್ವ ಬೇಕಾಗಿದೆ

ಶಿರಸಿಯಲ್ಲಿ ಜಡಿಮಳೆ ಹಿಡಿದರೆ ಎರಡೇ ಕೆಲಸ. ಎಲೆಯಡಿಕೆಯ ಕವಳ ಹಾಕುವುದು, ಪಟ್ಟಾಂಗ ಹೊಡೆಯುವುದು. ಅವತ್ತು ಬಾಯಿಗೆ ಸಿಕ್ಕಿದ್ದು ಹೆಗಡೆಯ ಹೋಂಸ್ಟೇ. ಅಜ್ಜ ಕಟ್ಟಿಸಿದ ಮನೆಗೆ ಸುಣ್ಣಬಣ್ಣ ಬಳಿಸಿ, ಬಚ್ಚಲಿಗೆ ಟೈಲ್ಸ್ ಹಾಕಿಸಿ ಕೂತಿದ್ದಾನೆ. ಗಿರಾಕಿ ಮಾತ್ರ ಇಲ್ಲ.

"ನಿಂಗೆ ಒಂದು ದೆವ್ವ ಬೇಕು ಮಾರಾಯ" ಎಂದ ಕಾರವಾರದ ನಾಯ್ಕ.

"ಇದ್ದ ಗಿರಾಕಿಯೂ ಓಡಿಹೋಗ್ತಾನೆ!"

"ಇದ್ದರೆ ತಾನೇ ಓಡೋದು?"

ನಾಯ್ಕ ಹೇಳಿದ್ದರಲ್ಲೂ ಅರ್ಥವಿದೆ. ಅಮೆರಿಕದ ಕೊಲೊರಾಡೊದಲ್ಲಿ ಸ್ಟ್ಯಾನ್ಲಿ ಹೋಟೆಲ್ ಅಂತಿದೆ, 1909ರದ್ದು. 1911ರಲ್ಲಿ ಅಲ್ಲಿನ 217ನೇ ರೂಮಿನಲ್ಲಿ ಗ್ಯಾಸ್ ಸೋರಿ ಸ್ಫೋಟವಾಯಿತು. ರೂಮು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಪೆಟ್ಟಾಯಿತು. ಆಕೆ ಬದುಕಿದಳು, ಕೆಲಸವನ್ನೂ ಬಿಡಲಿಲ್ಲ. ಸತ್ತ ಮೇಲೂ ಬಿಟ್ಟಿಲ್ಲವಂತೆ, ಬಂದವರ ಬಟ್ಟೆ ಮಡಚಿಡುತ್ತಾಳಂತೆ! 1974ರಲ್ಲಿ ಸ್ಟೀಫನ್ ಕಿಂಗ್ ಆ ರೂಮಿನಲ್ಲಿ ಒಂದು ರಾತ್ರಿ ಕಳೆದು ಕಾದಂಬರಿಯನ್ನೇ ಬರೆದರು. ಈಗ ಜನ ಅದೇ ರೂಮು ಬೇಕು ಅಂತ ಹಟ ಹಿಡಿಯುತ್ತಾರೆ.

ಹೆಗಡೆಯ ಕಿವಿ ನೆಟ್ಟಗಾಯಿತು. "ಬಟ್ಟೆ ಮಡಚುತ್ತದಾ? ಸಂಬಳ ಎಷ್ಟು?"

ಮೇಷ್ಟ್ರು ಕವಳ ಉಗಿದು ಬಂದು ಮಸ್ಸೂರಿಯ ಸವಾಯ್ ಹೋಟೆಲಿನ ಕತೆ ತೆಗೆದರು. ಅಲ್ಲಿ 1911ರಲ್ಲಿ ಪ್ರೇತಗಳ ಜೊತೆ ಮಾತಾಡುವ ಹವ್ಯಾಸದ ಬ್ರಿಟಿಷ್ ಹೆಂಗಸೊಬ್ಬಳು ವಿಷದಿಂದ ಸತ್ತಳು. ಗೆಳತಿಯ ಮೇಲೆ ಕೇಸಾಯಿತು, ಖುಲಾಸೆಯೂ ಆಯಿತು. ವಿಷ ಹಾಕಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆಕೆ ಹೋಟೆಲಿನಲ್ಲಿ ಸುತ್ತುತ್ತಾ ಇರುತ್ತಾಳೆ ಅಂತ ಮಾತು.

"ಕೋರ್ಟು ಕಚೇರಿ ಇರುವ ದೆವ್ವ ಬೇಡ" ಎಂದ ಹೆಗಡೆ. ತೋಟದ ಬೇಲಿ ವ್ಯಾಜ್ಯದಲ್ಲೇ ಅವನು ಹೈರಾಣಾಗಿದ್ದಾನೆ.

ನನಗೆ ಇಷ್ಟದ್ದು ರಾಜಸ್ಥಾನದ ಕೋಟಾದ ದೆವ್ವ. ಬ್ರಿಜ್‌ರಾಜ್ ಭವನ ಈಗ ಹೋಟೆಲು, ಆಗ ಬ್ರಿಟಿಷರ ರೆಸಿಡೆನ್ಸಿ. 1857ರ ದಂಗೆಯಲ್ಲಿ ಮೇಜರ್ ಬರ್ಟನ್ ಮತ್ತು ಅವನ ಇಬ್ಬರು ಮಕ್ಕಳು ಅಲ್ಲೇ ಹತರಾದರು. ಮೇಜರ್ ಈಗ ಗಿರಾಕಿಗಳ ತಂಟೆಗೆ ಬರುವುದಿಲ್ಲವಂತೆ. ರಾತ್ರಿ ತೂಕಡಿಸುವ ಕಾವಲುಗಾರನ ಕಪಾಳಕ್ಕೆ ಮಾತ್ರ ಬಾರಿಸುತ್ತಾನಂತೆ.

"ಅದನ್ನು ನಮ್ಮ ಕಡೆಯ ಸರ್ಕಾರಿ ಬಂಗಲೆಗೆ ವರ್ಗ ಮಾಡಿಸಬೇಕು" ಎಂದ ನಾಯ್ಕ.

"ಬೇಡ ಬೇಡ. ಕೈ ನೋವು ಬಂದು ವಾರದಲ್ಲೇ ವಿಆರ್‌ಎಸ್ ತಗೊಳ್ತದೆ" ಎಂದರು ಮೇಷ್ಟ್ರು.

ಅವರು ವಿಜ್ಞಾನದ ಮೇಷ್ಟ್ರು, ಅಷ್ಟಕ್ಕೇ ಸುಮ್ನಿರುವವರಲ್ಲ. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಎಂಬ ಇಂಜಿನಿಯರಿಗೆ ಲ್ಯಾಬಿನಲ್ಲಿ ಬೂದು ಬಣ್ಣದ ಆಕೃತಿ ಕಂಡಿತ್ತು. ಹುಡುಕಿದರೆ ಕಾರಣ ಫ್ಯಾನು. ಕಿವಿಗೆ ಕೇಳಿಸದ 19 ಹರ್ಟ್ಜ್ ಆಸುಪಾಸಿನ ಕಂಪನ ಎಂದು ಅವನು 1998ರಲ್ಲಿ ಬರೆದ.

"ನಮ್ಮನೆ ಫ್ಯಾನಿನ ಸದ್ದು ಪಕ್ಕದ ಊರಿಗೂ ಕೇಳ್ತದೆ" ಎಂದು ಹೆಗಡೆ ನಿಟ್ಟುಸಿರು ಬಿಟ್ಟ.

ಆದರೆ ಅವನ ಮನೆಯಲ್ಲಿ ಒಂದು ಸದ್ದಿದೆ, ನಾನೇ ಕೇಳಿದ್ದೇನೆ. ಮಧ್ಯರಾತ್ರಿ ಅಟ್ಟದ ಹಲಗೆಯ ಮೇಲೆ ಗುಡುಗುಡು ಅಂತ ಏನೋ ಉರುಳುತ್ತದೆ. ನಿಲ್ಲುತ್ತದೆ. ಮತ್ತೆ ಗುಡುಗುಡು. ಬ್ಯಾಟರಿ ಹಿಡಿದು ಏಣಿ ಹತ್ತಿದರೆ ಒಂದು ಇಲಿ. ಮುಂಗಾಲಲ್ಲಿ ಗೋಟಡಿಕೆ ತಳ್ಳುತ್ತಾ ಮೂಲೆಗೆ ಸಾಗಿಸುತ್ತಿತ್ತು. ಬೆಳಕು ಬಿದ್ದರೂ ಅಡಿಕೆ ಬಿಡಲಿಲ್ಲ.

"ಇಲಿ ಅನ್ನಬೇಡ್ರೋ" ನಾಯ್ಕ ಎದ್ದು ಕೂತ. "ಅಜ್ಜ ಅನ್ನಿ. ರಾತ್ರಿ ಅಡಿಕೆ ಎಣಿಸುವ ಅಜ್ಜ! ಬಾಡಿಗೆ ಡಬಲ್."

"ಅಜ್ಜನಾ? ತಾನು ಕಟ್ಟಿಸಿದ ಮನೆ ಬಾಡಿಗೆಗೆ ಬಿಟ್ಟಿದ್ದು ಗೊತ್ತಾದರೆ ಮೊದಲ ಏಟು ನನಗೇ."

ಅಷ್ಟರಲ್ಲಿ ಒಳಗಿನಿಂದ ಹೆಗಡೆಯ ಹೆಂಡತಿಯ ದನಿ. "ದೆವ್ವವೋ ಅಜ್ಜನೋ, ಯಾರಾದರೂ ಬರಲಿ. ಬೆಳಿಗ್ಗೆ ದೋಸೆಗೆ ಎಷ್ಟು ಜನ ಅಂತ ಈಗಲೇ ಹೇಳಿ, ಅಕ್ಕಿ ನೆನೆಸಬೇಕು."